ಕಾರಿನಲ್ಲಿ ಬರಬೇಡ, ಬಂದ ಮೇಲೆ ಕಾರು ಹತ್ತು

ಕಲಬುರಗಿ
ನವೆಂಬರ್ ಕೊನೆಯ ವಾರ

ಪ್ರೀತಿಯ ದೋಸ್ತ,

ಎಳ್ಳ ಅಮಾವಾಸ್ಯೆಗೆ ಬರುತ್ತೇನೆ ಅಂತ ನೀನು ಹೇಳಿದ ದಿನದಿಂದ ನಮ್ಮ ಅವ್ವ ಸಜ್ಜೆ ಹಸನು ಮಾಡಲು ಕೂತಿದ್ದಾಳೆ. ನಿನ್ನ ಪ್ರಶ್ನೆಗೆ ಮಾತ್ರ ನಾನು ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲಿಲ್ಲ. ಹೊಸ ಕಾರು ಬಂದಿದೆ, ಬೆಂಗಳೂರಿನಿಂದ ಅದರಲ್ಲೇ ಬಂದುಬಿಡಲಾ ಅಂತ ಕೇಳಿದೆ. ನಾನು "ನೋಡೋಣ" ಅಂದೆ. ನಮ್ಮ ಕಡೆ "ನೋಡೋಣ" ಅಂದರೆ ಏನರ್ಥ ಅಂತ ನಿನಗೆ ಬಿಡಿಸಿ ಹೇಳಬೇಕಾ? ಫೋನಿನಲ್ಲಿ ಬೇಡ ಅಂದಿದ್ದರೆ ನಿನ್ನ ಕಾರು ಕಂಡು ಹೊಟ್ಟೆಕಿಚ್ಚು ಅಂತಿದ್ದೆ. ಅದಕ್ಕೇ ಈ ಪತ್ರ.

ಮೊದಲು ನಿನ್ನ ಕಡೆಯ ಮಾತನ್ನೇ ಒಪ್ಪಿಕೊಳ್ಳುತ್ತೇನೆ. ಹಬ್ಬದ ಹೊತ್ತಿಗೆ ರೈಲು ಟಿಕೆಟ್ ಸಿಗುವುದಿಲ್ಲ. ವೇಟಿಂಗ್ ಲಿಸ್ಟು ನೋಡುತ್ತಾ ಕೂತರೆ ಬಿಪಿ ಏರುತ್ತದೆ. ನಿಮ್ಮ ಅವ್ವನ ಮೊಣಕಾಲಿಗೆ ಸ್ಟೇಷನ್ನಿನ ಮೆಟ್ಟಿಲು ಕಷ್ಟ. ಕಾರಾದರೆ ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ. ವಾಪಸ್ ಹೋಗುವಾಗ ಡಿಕ್ಕಿಯಲ್ಲಿ ಒಂದು ಚೀಲ ಜೋಳ, ಹತ್ತು ಕೆಜಿ ತೊಗರಿಬೇಳೆ ಹಾಕಿಕೊಳ್ಳಬಹುದು. ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ಮೇಲೆ ಬೆಂಗಳೂರಿನ ನೆಂಟರೆಲ್ಲ ಅದನ್ನೇ ಕೇಳುತ್ತಾರೆ, ಗೊತ್ತಲ್ಲ.

ಖರ್ಚಿನ ಲೆಕ್ಕವನ್ನೂ ಹಾಕಿದೆ. ಹೋಗಿ ಬರಲು ಸುಮಾರು 1,200 ಕಿ.ಮೀ. ಲೀಟರಿಗೆ 15 ಕಿ.ಮೀ. ಹಿಡಿದರೆ 80 ಲೀಟರ್ ಪೆಟ್ರೋಲು. ಲೀಟರಿಗೆ ನೂರು ರೂಪಾಯಿ ಅಂದರೂ 8,000, ಅದರ ಮೇಲೆ ಟೋಲು. ಐದು ಜನಕ್ಕೆ ಸ್ಲೀಪರ್ ಟಿಕೆಟ್ ಇದಕ್ಕಿಂತ ಬಹಳ ಅಗ್ಗ. ಎಸಿ ಬೋಗಿ ಆದರೆ ಹೆಚ್ಚುಕಡಿಮೆ ಸಮ. ಅಂದರೆ ರೊಕ್ಕದ ವಿಷಯಕ್ಕೆ ನಾನು ಜಗಳಾಡುವುದಿಲ್ಲ.

ನನ್ನ ತಕರಾರು ಬೇರೆ. ನೀನು ಬರುವ ದಾರಿ ಇದೆಯಲ್ಲ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಲಿಂಗಸುಗೂರು, ಸುರಪುರ, ಶಹಾಪುರ, ಜೇವರ್ಗಿ, ಅದು ಬಹಳ ಚೆಂದದ ದಾರಿ. ಮೂರು ಹೊಳೆ ದಾಟುತ್ತೀಯ. ಸಿರುಗುಪ್ಪ ಬಿಟ್ಟ ಮೇಲೆ ತುಂಗಭದ್ರೆ. ತಿಂಥಣಿ ಬ್ರಿಜ್ಜಿನ ಕೆಳಗೆ ಕೃಷ್ಣೆ, ದಂಡೆ ಮೇಲೆ ಮೌನೇಶ್ವರನ ಗುಡಿ. ಜೇವರ್ಗಿ ದಾಟಿ ಕಟ್ಟಿಸಂಗಾವಿ ಹತ್ತಿರ ಭೀಮೆ. ನಡುವೆ ಸುರಪುರದ ಗುಡ್ಡದ ಮೇಲೆ ಬ್ರಿಟಿಷರ ಕಾಲದ ಅಧಿಕಾರಿ ಟೇಲರ್ ಸಾಹೇಬನ ಬಂಗಲೆ ಟೇಲರ್ ಮಂಜಿಲ್ ಇದೆ, ಶಹಾಪುರದಲ್ಲಿ ಬುದ್ಧ ಮಲಗಿದ ಹಾಗೆ ಕಾಣುವ ಬೆಟ್ಟ ಇದೆ. ಇದರಲ್ಲಿ ನೀನು ಎಷ್ಟು ನೋಡುತ್ತೀಯ? ಒಂದೂ ಇಲ್ಲ. ಬೆಳಗಿನ ಐದಕ್ಕೆ ಬೆಂಗಳೂರು ಬಿಟ್ಟರೂ ತಿಂಥಣಿ ಮುಟ್ಟುವಾಗ ಮಧ್ಯಾಹ್ನ ಆಗಿರುತ್ತದೆ. ಹಿಂದೆ ಹುಡುಗರು "ಇನ್ನೂ ಎಷ್ಟು ದೂರ" ಅಂತಿರುತ್ತಾರೆ. ನೀನು ಕತ್ತಲಾಗುವುದರೊಳಗೆ ಮನೆ ಮುಟ್ಟಬೇಕು ಅಂತ ಆಕ್ಸಿಲರೇಟರ್ ತುಳಿಯುತ್ತಿರುತ್ತೀಯ. ಮೌನೇಶ್ವರನಿಗೆ ಕಾರಿನಿಂದಲೇ ಕೈ ಮುಗಿದು ಮುಂದೆ ಹೋಗುತ್ತೀಯ. ಆಮೇಲೆ ಎರಡು ದಿನ ಸೊಂಟ ಹಿಡಿದುಕೊಂಡು ಮಲಗುತ್ತೀಯ. ಐದು ದಿನದ ರಜೆಯಲ್ಲಿ ಹೋಗಲು ಒಂದು ದಿನ, ಬರಲು ಒಂದು ದಿನ ತೆಗೆದರೆ ಉಳಿಯುವುದೇನು?

ಎಲ್ಲಿ ಬೇಕಾದರೂ ನಿಲ್ಲಿಸಬಹುದು ಅನ್ನುವುದೊಂದೇ ಕಾರಿನ ದೊಡ್ಡ ಸುಖ. ನಿಲ್ಲಿಸಲು ಪುರುಸೊತ್ತಿಲ್ಲದ ದಾರಿಗೆ ಕಾರು ಯಾಕೆ ಬೇಕು? ಅಷ್ಟು ದೂರವನ್ನು ರಾತ್ರಿ ಮಲಗಿಕೊಂಡು ರೈಲಿನಲ್ಲಿ ದಾಟುವುದೇ ಮೇಲು. ಮಲಗಲು ಇಷ್ಟವಿಲ್ಲದಿದ್ದರೆ 2024ರ ಮಾರ್ಚ್‌ನಿಂದ ಹಗಲಿನ ವಂದೇ ಭಾರತ್ ಬೇರೆ ಇದೆ.

ನಿಲ್ಲುವುದರ ಸುಖ ಎಂಥದು ಅಂತ ಹೋದ ವರ್ಷದ ಎಳ್ಳ ಅಮಾವಾಸ್ಯೆಯ ಕಥೆ ಹೇಳುತ್ತೇನೆ ಕೇಳು. ನಾನಾಗಿ ನಿಂತದ್ದಲ್ಲ, ಕಾರು ನಿಂತದ್ದು. ಅಕ್ಕನ ಮನೆಯವರ ಹೊಲ ಶಹಾಪುರದ ಕಡೆ ಇದೆಯಲ್ಲ, ಚರಗ ಚೆಲ್ಲಲು, ಅಂದರೆ ಪೂಜೆ ಮಾಡಿ ಬೆಳೆಗೆ ಎಡೆ ಚೆಲ್ಲಲು, ಅಲ್ಲಿಗೆ ಹೊರಟಿದ್ದೆವು. ಜೇವರ್ಗಿ ದಾಟಿ ಸ್ವಲ್ಪ ದೂರಕ್ಕೆ, ಎದುರಿಗೆ ಬಂದ ಲಾರಿಗೆ ದಾರಿ ಬಿಡಲು ರಸ್ತೆ ಕೆಳಗೆ ಇಳಿಸಿದೆ. ಚೂಪು ಕಲ್ಲೊಂದು ಟೈರಿನ ಬದಿಯನ್ನೇ ಸೀಳಿತು. ಬದಿ ಹರಿದರೆ ಪಂಚರ್ ಹಾಕಲು ಬರುವುದಿಲ್ಲ. ಇರಲಿ, ಸ್ಟೆಪ್ನಿ ಇದೆ ಅಂತ ತೆಗೆದರೆ ಅದರಲ್ಲಿ ಗಾಳಿಯೇ ಇಲ್ಲ! ಮೂರು ವಾರದ ಹಿಂದೆ ಸರ್ವೀಸಿಗೆ ಬಿಟ್ಟಾಗ ಐದೂ ಟೈರು ಚೆಕ್ ಮಾಡಿದೆವು ಅಂತ ಗ್ಯಾರೇಜಿನವರು ಬಿಲ್ಲಿನಲ್ಲಿ ಬರೆದಿದ್ದರು. ಬಿಲ್ಲು ಇನ್ನೂ ಕಾರಿನಲ್ಲೇ ಇತ್ತು. ಅದನ್ನು ನೋಡಿ ನನ್ನ ಹೆಂಡತಿ ನಕ್ಕ ನಗು ಇವತ್ತಿಗೂ ನನಗೆ ಸರಿಬರುವುದಿಲ್ಲ.

ಆ ದಿನ ನಮ್ಮ ಕಡೆ ಹೇಗಿರುತ್ತದೆ ಅಂತ ನೀನು ಮರೆತಿರಲಾರೆ. ಊರಿಗೆ ಊರೇ ಹೊಲದಲ್ಲಿರುತ್ತದೆ. ಪಂಚರ್ ಅಂಗಡಿ ಬಂದ್, ಚಹಾ ಅಂಗಡಿ ಬಂದ್. ಒಂದು ಟಂಟಂ ಆಟೋ ಸಹ ಬರಲಿಲ್ಲ. ಅರ್ಧ ತಾಸು ಬಿಸಿಲಿನಲ್ಲಿ ನಿಂತಿದ್ದೆವು. ಆಗ ಜೋಳದ ಹೊಲದ ಆಚೆಯಿಂದ ಒಬ್ಬ ಮುದುಕ ಕೂಗಿದ, "ಏ ತಮ್ಮಾ, ಬಿಸಿಲಾಗ ಯಾಕ ನಿಂತೀರಿ? ಬರ್ರಿ, ಊಟ ಮಾಡ್ರಿ ಮೊದಲ." ನಾವು ಕಾರಿನ ಕಥೆ ಹೇಳಲು ಹೋದರೆ ಕೇಳಿಸಿಕೊಳ್ಳಲೇ ಇಲ್ಲ. "ಗಾಡಿ ಎಲ್ಲಿ ಓಡಿ ಹೋಗ್ತದ? ಕುಂದರ್ರಿ" ಅಂದ.

ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪಾಂಡವರ ಪೂಜೆ ಆಗಿತ್ತು. ಕಂಬಳಿ ಹಾಸಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆ, ಕೊನೆಗೆ ಗಡಿಗೆಯಿಂದ ಅಂಬಲಿ. ಭಜ್ಜಿ ಅಂದರೆ ಬೆಂಗಳೂರಿನವರು ಎಣ್ಣೆಯಲ್ಲಿ ಕರಿದದ್ದು ಅಂದುಕೊಳ್ಳುತ್ತಾರೆ, ನಿನ್ನ ಹುಡುಗರಿಗೆ ಮೊದಲೇ ಹೇಳಿಡು, ಇದು ಹಸಿ ಕಾಳು, ಕಾಯಿಪಲ್ಯ ಎಲ್ಲ ಕೂಡಿಸಿ ಕುದಿಸಿದ್ದು. ಊಟ ಆದ ಮೇಲೆ ಆ ಮನೆಯ ಹುಡುಗ ಸೈಕಲ್ ಪಂಪು ತಂದ. ಅದರಲ್ಲೇ ಸ್ಟೆಪ್ನಿಗೆ ಗಾಳಿ ಹೊಡೆದೆವು. ನಾನು ಐವತ್ತು ಸಲ, ಅವನು ನೂರು ಸಲ, ಮತ್ತೆ ನಾನು. ಮಕ್ಕಳು ಎಣಿಸುತ್ತಿದ್ದರು. ಇನ್ನೂರಾದ ಮೇಲೆ ಅವರಿಗೂ ಲೆಕ್ಕ ತಪ್ಪಿತು. ಅಕ್ಕನ ಹೊಲ ಮುಟ್ಟುವಾಗ ನಾಲ್ಕು ಗಂಟೆ. ಹೊಟ್ಟೆ ತುಂಬಿದೆ ಅಂದಿದ್ದಕ್ಕೆ ಅಕ್ಕ ಸಿಟ್ಟಾಗಿ ಒಂದು ವಾರ ಫೋನ್ ಮಾಡಲಿಲ್ಲ.

ಇದನ್ನು ಲಾಭ ಅನ್ನುತ್ತೀಯೋ ನಷ್ಟ ಅನ್ನುತ್ತೀಯೋ ನಿನಗೆ ಬಿಟ್ಟದ್ದು. ಇದೇ ಪಂಚರ್ ರಾತ್ರಿ ಹತ್ತಕ್ಕೆ, ಮನೆಗೆ ಇನ್ನೂ 300 ಕಿ.ಮೀ. ಇರುವಾಗ, ನಿಮ್ಮ ಅವ್ವ ಹಿಂದಿನ ಸೀಟಿನಲ್ಲಿ ಕೂತಿರುವಾಗ ಆಗಿದ್ದರೆ ಅಂತ ಒಂದು ಸಲ ಯೋಚನೆ ಮಾಡು. ನಮಗೆ ಆ ದಿನ ಹೋಗಬೇಕಾದ್ದು ಹತ್ತಿರ ಇತ್ತು, ಹೊತ್ತೂ ಇತ್ತು. ಅದಕ್ಕೇ ನಕ್ಕೆವು.

ಇನ್ನೊಂದು ಬೀದರ್ ಕಥೆ. ಇಲ್ಲಿಂದ ಬೀದರಿಗೆ ರಸ್ತೆಯಲ್ಲಿ ಸುಮಾರು 115 ಕಿ.ಮೀ. ನಾನು, ಹೆಂಡತಿ, ಮಕ್ಕಳು ಕಾರಿನಲ್ಲಿ. ಅಪ್ಪ ಅವ್ವ ಮಾತ್ರ ಬರುವುದಿಲ್ಲ ಅಂದರು. ಅಪ್ಪನಿಗೆ ಆ ರೈಲಿನ ಮೇಲೆ ಜೀವ. ಕಲಬುರಗಿ–ಬೀದರ್ ಲೈನಿಗೆ ಈ ಭಾಗದ ಜನ ಎಷ್ಟು ವರ್ಷ ಕಾದರು ಅಂತ ನಿನಗೂ ಗೊತ್ತು. 2017ರ ಅಕ್ಟೋಬರ್‌ನಲ್ಲಿ ಅದು ಶುರುವಾದಾಗ ಅಪ್ಪ ಕೆಲಸವೇನೂ ಇಲ್ಲದೆ ಸುಮ್ನೆ ಹೋಗಿ ಬಂದಿದ್ದರು, ಮರಗುತ್ತಿಯ ಸುರಂಗ ನೋಡಲು. ಬೆಳಗಿನ ರೈಲು ಹತ್ತಿ ಇಬ್ಬರೂ ಹೋದರು. ನಾವು ಅವರಿಗಿಂತ ಮೊದಲೇ ಹೊರಟೆವು, ಸ್ಟೇಷನ್ನಿನಲ್ಲಿ ಅವರನ್ನು ಕರೆದುಕೊಳ್ಳುವುದು ಅಂತ ಮಾತಾಗಿತ್ತು.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಅಂತ ಹೆಂಡತಿ ನಿಲ್ಲಿಸಿದಳು. ಒಂದು ಡಜನ್ನಿಗೆ ಚೌಕಾಸಿ ಮಾಡುವುದರಲ್ಲಿ ಇಪ್ಪತ್ತು ನಿಮಿಷ. ಹುಮನಾಬಾದಿನಲ್ಲಿ ವೀರಭದ್ರೇಶ್ವರನ ಗುಡಿ. ಅಲ್ಲಿಗೆ ಬಂದ ಮೇಲೆ ಮಾಣಿಕನಗರ ಬಿಡುವುದು ಹೇಗೆ ಅಂತ ಮಾಣಿಕಪ್ರಭುಗಳ ದರ್ಶನ. ಹೈದರಾಬಾದ್–ಸೋಲಾಪುರ ಹೆದ್ದಾರಿ ಕೂಡುವ ಕಡೆ ಚಹಾ. ಅಷ್ಟರಲ್ಲಿ ಅಪ್ಪನ ಫೋನು: "ನಾವು ಬಂದು ಉಪ್ಪಿಟ್ಟು ತಿಂದು ಮುಗಿಸಿದ್ವಿ. ನೀವು ಎಲ್ಲಿದೀರಿ?"

ಸೋತದ್ದು ನಿಜ. ಆದರೆ ಬೀದರ್ ಮುಟ್ಟಿದ ಮೇಲೆ ಅವರೇ ನಮ್ಮ ಕಾರಿಗೆ ಹತ್ತಬೇಕಾಯಿತು. ರೈಲು ಬೀದರಿಗೆ ಕರೆದುಕೊಂಡು ಹೋಗುತ್ತದೆ, ಊರ ಹೊರಗೆ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೆ ಒಯ್ಯುವುದಿಲ್ಲ. ಕೋಟೆ ನೋಡಿದೆವು, ಬಹಮನಿ ಮಂತ್ರಿ ಮಹಮೂದ್ ಗಾವಾನನ ಮದರಸಾ ನೋಡಿದೆವು. 1472ರ ಕಟ್ಟಡ, ಉಳಿದ ಒಂದೇ ಮಿನಾರಿನ ಮೇಲೆ ಬಣ್ಣದ ಹಂಚು ಇನ್ನೂ ಅಲ್ಲಲ್ಲಿ ಹೊಳೆಯುತ್ತದೆ. ಪಾಪ, ದೂರದ ಇರಾನಿನಿಂದ ವ್ಯಾಪಾರಕ್ಕೆ ಬಂದ ಮನುಷ್ಯ ಇಲ್ಲೇ ನಿಂತು ಮಂತ್ರಿಯಾದ, 1481ರಲ್ಲಿ ತಲೆ ಕಳಕೊಂಡ. ಎಲ್ಲ ಕಡೆ ನಿಲ್ಲುವುದೂ ಒಳ್ಳೆಯದಲ್ಲ ಅಂತ ಹೆಂಡತಿ ತಮಾಷೆ ಮಾಡಿದಳು.

ಅಷ್ಟೂರು ಮುಟ್ಟಿದಾಗ ಸಂಜೆ. ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ, ಜನ ಇಲ್ಲ, ಗದ್ದಲ ಇಲ್ಲ. ಸಿಡಿಲು ಹೊಡೆದು ಅರ್ಧ ಸೀಳಿದ ಹುಮಾಯೂನನ ಗೋರಿಯ ಮುಂದೆ ಮಕ್ಕಳು ಬಾಯಿ ಬಿಟ್ಟುಕೊಂಡು ನಿಂತರು. ಅಹಮದ್ ಶಾಹ ವಲಿಯ ಗುಮ್ಮಟದ ಒಳಗೆ ಚಾವಣಿಯ ಬಣ್ಣ ನೋಡುತ್ತಾ ಅಪ್ಪ ಹೇಳಿದರು, ಈ ಉರುಸಿಗೆ ನಮ್ಮ ಜಿಲ್ಲೆಯ ಮಾಡಿಯಾಳದ ಜಂಗಮರು ನಡೆದುಕೊಂಡೇ ಬರುತ್ತಾರೆ ಅಂತ. ದಾರಿಯ ಊರೂರಿನಲ್ಲಿ ನಿಲ್ಲುತ್ತಾ. ನಾವು ಹುಮನಾಬಾದಿನಲ್ಲಿ ನಿಂತದ್ದಕ್ಕೆ ಬೈದವರು ಇದೇ ಅಪ್ಪ!

ಆ ಸಂಜೆಯ ಆಸೆಗೆ ಒಂದು ತಪ್ಪು ಮಾಡಿದೆ. ಕತ್ತಲಾದ ಮೇಲೆ ವಾಪಸ್ ಹೊರಟೆ. ಕಬ್ಬಿನ ಸೀಜನ್ನಿನಲ್ಲಿ ನಮ್ಮ ರಸ್ತೆ ರಾತ್ರಿ ಹೇಗಿರುತ್ತದೆ ಅಂತ ನಿನಗೆ ಮರೆತುಹೋಗಿರಬಹುದು. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರಾಲಿ, ಅದರ ತುಂಬ ಕಬ್ಬು, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದಿತ್ತು. ಅದು ದಾಟಿದ ಮೇಲೆ ನೋಡಿದರೆ ಕಬ್ಬು ನನ್ನ ಗಾಜಿನ ಮುಂದೆ ಇದೆ. ಬ್ರೇಕ್ ತುಳಿದೆ, ಕಾರು ನಿಂತಿತು. ಹಿಂದೆ ಅವ್ವ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮನೆ ಮುಟ್ಟುವವರೆಗೆ ಯಾರೂ ಮಾತಾಡಲಿಲ್ಲ. ಅವತ್ತಿನಿಂದ ಹೊತ್ತು ಮುಳುಗಿದ ಮೇಲೆ ನಾನು ಊರ ಹೊರಗೆ ಕಾರು ಓಡಿಸುವುದಿಲ್ಲ, ಯಾರು ಏನೇ ಅನ್ನಲಿ.

ಹೀಗಾಗಿ ನಾನು ಒಂದು ಪ್ಲ್ಯಾನ್ ಹಾಕಿದ್ದೇನೆ. ಬೇಡ ಅನಿಸಿದರೆ ಬದಲಿಸು. ನೀವು ರೈಲಿನಲ್ಲಿ ಬನ್ನಿ. ಟಿಕೆಟ್ ಇವತ್ತೇ ಮಾಡು, ತತ್ಕಾಲ್ ನಂಬಿ ಕೂರಬೇಡ. ಅವ್ವನಿಗೆ ಲೋವರ್ ಬರ್ತ್ ಕೇಳು. ಸ್ಟೇಷನ್ನಿಗೆ ನಾನು ಬರುತ್ತೇನೆ, ಮೆಟ್ಟಿಲಿಗೆ ನನ್ನ ಭುಜ ಇದೆ. ಅಮಾವಾಸ್ಯೆ ದಿನ ಎಲ್ಲಿಗೂ ಹೋಗುವುದು ಬೇಡ, ಹೊಲಕ್ಕಷ್ಟೇ. ಮರುದಿನ ಬೆಳಿಗ್ಗೆ ನನ್ನ ಹಳೆ ಕಾರಿನಲ್ಲಿ ಬೀದರ್. ಮಂಜು ಇರುತ್ತದೆ, ಏಳರ ಮೊದಲು ಹೊರಡುವುದಿಲ್ಲ. ರಾತ್ರಿ ಬೀದರಿನಲ್ಲೇ ಉಳಿಯೋಣ. ಅದರ ಮರುದಿನ ಬಸವಕಲ್ಯಾಣ, ಅಲ್ಲಿಂದ ಆಳಂದದ ಮೇಲೆ ಹಾದು ಮನೆಗೆ. ಒಟ್ಟು 300 ಕಿ.ಮೀ. ಒಳಗೆ, ಎರಡು ದಿನಕ್ಕೆ ಹಂಚಿ. ಪೆಟ್ರೋಲು ಇಪ್ಪತ್ತು ಲೀಟರ್, ಅರ್ಧ ನಿನ್ನದು. ಹೊಸ ಕಾರಿನ ಎಸಿ ಇದರಲ್ಲಿ ಇಲ್ಲ, ಇದ್ದರೂ ಕೆಲಸ ಮಾಡುವುದಿಲ್ಲ. ಮೇ ತಿಂಗಳಾಗಿದ್ದರೆ ನಾನೇ ಬರಬೇಡ ಅಂತಿದ್ದೆ. ಚಳಿಗಾಲದಲ್ಲಿ ಕಿಟಕಿ ಇಳಿಸಿದರೆ ಸಾಕು.

ಸ್ಟೆಪ್ನಿಗೆ ಗಾಳಿ ಹಾಕಿಸಿದ್ದೇನೆ. ಈ ಸಲ ನಾನೇ ಎದುರು ನಿಂತು ಹಾಕಿಸಿದ್ದು. ಒಂದು ಸೈಕಲ್ ಪಂಪೂ ತಂದು ಡಿಕ್ಕಿಯಲ್ಲಿಟ್ಟಿದ್ದೇನೆ.

ಈಗ ಒಂದೇ ಒಂದು ತೊಂದರೆ. ನಾವು ಆರು ಜನ, ನೀವು ಐದು ಜನ, ಒಂದು ಕಾರಿನಲ್ಲಿ ಹಿಡಿಸುವುದಿಲ್ಲ ಅಂತ ರಾತ್ರಿ ಊಟಕ್ಕೆ ಕೂತಾಗ ತಲೆ ಕೆಡಿಸಿಕೊಂಡಿದ್ದೆ. ಇನ್ನೊಂದು ಗಾಡಿ ಬಾಡಿಗೆಗೆ ಹಿಡಿಯೋಣ ಅಂದೆ. ಅಪ್ಪ ತಲೆ ಎತ್ತದೆ ರೊಟ್ಟಿ ಮುರಿಯುತ್ತಾ ಹೇಳಿದರು, "ನೀವು ಕಾರಿನಾಗ ನಿಂತ್ಕೋತ ನಿಂತ್ಕೋತ ಬರ್ರಿ. ಹುಡುಗರನ್ನೂ ಅಕ್ಕಾರನ್ನೂ ನಮ್ಮ ಜೋಡಿ ರೈಲಿಗೆ ಕಳಸ್ರಿ. ಅಕ್ಕಾರಿಗೆ ಕಿಟಕಿ ಸೀಟು ನಾ ಹಿಡೀತೀನಿ."

ನಿಮ್ಮ ಅವ್ವನನ್ನು ಕೇಳಿ ತಿಳಿಸು.

ನಿನ್ನ
ದೋಸ್ತ