ಮನಾಲಿಯ ಬಾಡಿಗೆ ಕಾರು: ಗಾಜಿನ ದುಡ್ಡು ವಾಪಸ್ ಕೊಡಿ

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವೆ,
ಸೆಲ್ಫ್ ಡ್ರೈವ್ ಕಾರು ಬಾಡಿಗೆ ವಿಭಾಗ, ಬೆಂಗಳೂರು

ವಿಷಯ: ಕಾರಿನ ಮುಂದಿನ ಗಾಜು ಬಿರುಕು ಬಿಟ್ಟಿದ್ದಕ್ಕೆ ನನ್ನ ಡೆಪಾಸಿಟ್‌ನಲ್ಲಿ ಹಣ ಹಿಡಿದಿರುವ ಬಗ್ಗೆ

ಮಾನ್ಯರೇ,

ಡಿಸೆಂಬರ್ ಕೊನೆಯಲ್ಲಿ ನಿಮ್ಮ ಬೆಂಗಳೂರು ಆಫೀಸಿನಲ್ಲಿ ಬುಕ್ ಮಾಡಿ, ಮನಾಲಿಯಲ್ಲಿ ನಿಮ್ಮ ಕಾರು ತೆಗೆದುಕೊಂಡೆವು. ಅಟಲ್ ಸುರಂಗ ದಾಟಿ ಆಚೆಗಿರುವ ಸಿಸ್ಸು ಎಂಬ ಊರಿಗೆ ಹೋಗಿ, ರಾತ್ರಿ ಅಲ್ಲೇ ಉಳಿಯುತ್ತೇವೆ ಎಂದು ಬುಕ್ ಮಾಡುವಾಗಲೇ ಹೇಳಿದ್ದೆ. ‘ಸ್ನೋಗೆ ರೆಡಿ ಇರೋ ಗಾಡಿ ಸಾರ್, ಚೈನೂ ಕೊಡ್ತೀವಿ’ ಎಂದು ನಿಮ್ಮವರು ವಾಟ್ಸಾಪ್‌ನಲ್ಲಿ ಬರೆದಿದ್ದಾರೆ. ಈಗ ಡೆಪಾಸಿಟ್‌ನಲ್ಲಿ 11,500 ರೂಪಾಯಿ ಮುರಿದುಕೊಂಡು, ಕಾರಣ ‘ಗ್ರಾಹಕರ ನಿರ್ಲಕ್ಷ್ಯ’ ಎಂದು ಕಳಿಸಿದ್ದೀರಿ.

ಚೈನ್ ಕೊಟ್ಟಿದ್ದು ನಿಜ. ಅದು ಟೈರಿಗಾಯಿತು. ಗಾಜಿಗೆ?

ಕಾರು ಕೈಗೆ ಬಂದಾಗಲೇ ಮುಂದಿನ ಗಾಜಿನ ಕೆಳಭಾಗದಲ್ಲಿ ಕಡಲೆಬೇಳೆಯಷ್ಟು ಕಲ್ಲೇಟಿನ ಗುರುತಿತ್ತು. ಬೆರಳಾಡಿಸಿದರೆ ಉಗುರಿಗೆ ಸಿಗುತ್ತಿತ್ತು. ಕಾರು ತಂದ ಹುಡುಗನಿಗೆ ತೋರಿಸಿದೆ. ‘ಯೇ ತೋ ಪುರಾನಾ ಹೈ’ (ಇದು ಹಳೆಯದೇ) ಎಂದು ನಕ್ಕ. ನಾನು ಕಾರಿನ ಸುತ್ತ ವಿಡಿಯೊ ಮಾಡುತ್ತಿದ್ದೆ, ಅದರಲ್ಲಿ ಗುರುತೂ ಇದೆ, ಅವನ ಮಾತೂ ಇದೆ. ಅಂಥ ಸಣ್ಣ ಗುಂಡಿಗೆ ಗಾಜಿನ ಅಂಗಡಿಯವರು ರೆಸಿನ್ ಎಂಬ ಅಂಟು ತುಂಬಿ ಬಿರುಕನ್ನು ಅಲ್ಲಿಗೇ ನಿಲ್ಲಿಸುತ್ತಾರೆ, ಹೊಸ ಗಾಜಿನ ಖರ್ಚೇ ಬರುವುದಿಲ್ಲ. ನೀವು ಅದನ್ನು ಹಾಗೇ ಬಿಟ್ಟು ಹಿಮದ ಕಡೆ ಕಳಿಸಿದಿರಿ.

ಸುರಂಗ 9.02 ಕಿಲೋಮೀಟರ್. ಈ ಕಡೆ ಒಂದು ಹವೆ, ಆ ಕಡೆ ಇನ್ನೊಂದು. ಹೊರಗೆ ಬರುತ್ತಿದ್ದಂತೆ ಮುಂದಿದ್ದ ಲಾರಿ, ಹಿಮ ಮತ್ತು ಮಣ್ಣು ಕಲಸಿದ ರಾಡಿಯನ್ನು ನಮ್ಮ ಗಾಜಿಗೆ ರಪ್ಪನೆ ಎರಚಿತು. ವೈಪರ್ ಹಾಕಿದೆ. ಬ್ಲೇಡಿನ ರಬ್ಬರ್ ಒಣಗಿ ಗಟ್ಟಿಯಾಗಿತ್ತು, ಒಂದು ತುದಿ ಸೀಳಿ ಜೋತಾಡುತ್ತಿತ್ತು. ಅದು ರಾಡಿಯನ್ನು ಒರೆಸುವ ಬದಲು ಗಾಜಿಗೆಲ್ಲ ಬಳಿಯಿತು. ನೀರು ಚಿಮ್ಮಿಸೋಣವೆಂದು ಲಿವರ್ ಎಳೆದರೆ ಒಳಗೆ ಮೋಟರ್ ಗುಂಯ್ ಎಂದಿತೇ ಹೊರತು ಒಂದು ಹನಿ ಬರಲಿಲ್ಲ. ಅದರ ಜೊತೆಗೆ ಸಂಜೆ ಬಿಸಿಲು ಎದುರಿಗೇ ಹೊಡೆಯುತ್ತಿತ್ತು. ರಸ್ತೆಯೇ ಕಾಣಲಿಲ್ಲ. ಪಕ್ಕದ ಕಿಟಕಿಯಿಂದ ತಲೆ ಹೊರಹಾಕಿಕೊಂಡು ಕಾರನ್ನು ಬದಿಗೆ ತಂದೆ. ಹಿಂದೆ ನನ್ನ ಅಮ್ಮ, ಮಕ್ಕಳು ಕೂತಿದ್ದರು. ಇದನ್ನು ಓದುವಾಗ ದಯವಿಟ್ಟು ಅದನ್ನೂ ನೆನಪಿಟ್ಟುಕೊಳ್ಳಿ.

ಸಿಸ್ಸುವಿನಲ್ಲಿ ನಾವು ಉಳಿದ ಮನೆಯ ಯಜಮಾನರು ಬಾನೆಟ್ ಎತ್ತಿ ನೋಡಿದರು. ವಾಷರ್ ಟ್ಯಾಂಕಿನಲ್ಲಿ ಇದ್ದದ್ದು ಬರೀ ನಲ್ಲಿ ನೀರು. ಚಿಮ್ಮುವ ತೂತುಗಳು ಆಗಲೇ ಐಸ್ ಆಗಿದ್ದವು. ಚಳಿ ಊರುಗಳಲ್ಲಿ ಆಲ್ಕೋಹಾಲ್ ಬೆರೆಸಿದ ದ್ರವ ಹಾಕುತ್ತಾರೆ, ಅದು ಸೊನ್ನೆ ಡಿಗ್ರಿಗೆಲ್ಲ ಗಟ್ಟಿಯಾಗುವುದಿಲ್ಲ. ಬೆಳಗ್ಗೆ ನೋಡಿದರೆ ಟ್ಯಾಂಕ್ ಮೂಲೆಯಲ್ಲಿ ಸೀಳಿತ್ತು. ನೀರು ಹೆಪ್ಪುಗಟ್ಟಿದರೆ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಪ್ಲಾಸ್ಟಿಕ್ ಡಬ್ಬಿ ಎಲ್ಲಿ ತಡೆಯುತ್ತದೆ? ಆ ಟ್ಯಾಂಕಿನ ದುಡ್ಡನ್ನೂ ನನ್ನ ಬಿಲ್ಲಿಗೇ ಸೇರಿಸಿದ್ದೀರಿ!

ರಾತ್ರಿ ವೈಪರ್ ಕೈಗಳನ್ನು ಎತ್ತಿ ನಿಲ್ಲಿಸಲು ಹೇಳಿಕೊಟ್ಟವರೂ ಆ ಯಜಮಾನರೇ. ಇಲ್ಲದಿದ್ದರೆ ರಬ್ಬರ್ ಗಾಜಿಗೆ ಅಂಟಿಕೊಳ್ಳುತ್ತದಂತೆ. ಗೊತ್ತಿಲ್ಲದೆ ಸ್ವಿಚ್ ಹಾಕಿದರೆ ಫ್ಯೂಸ್ ಹೋಗಬಹುದು, ಮೋಟರಿಗೂ ಪೆಟ್ಟು. ನಿಮ್ಮ ಕಡೆಯಿಂದ ಯಾರಾದರೂ ಇದನ್ನು ಹೇಳಬೇಕಿತ್ತು ಅಲ್ವಾ? ಬೆಂಗಳೂರಿನಿಂದ ಹೋದವರಿಗೆ ಹಿಮದಲ್ಲಿ ಗಾಡಿ ನಿಲ್ಲಿಸಿ ಏನು ರೂಢಿ?

ಬೆಳಗ್ಗೆ ಗಾಜಿನ ಮೇಲೆ ಐಸ್ ಕೂತಿತ್ತು. ಕೆರೆಯಲು ಕಾರಿನಲ್ಲಿ ಏನೂ ಇರಲಿಲ್ಲ. ನಿಮ್ಮ ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. ‘ಬಿಸಿನೀರು ಹಾಕಿಬಿಡಿ ಸಾರ್, ಎರಡು ನಿಮಿಷ’ ಎಂಬ ಉತ್ತರ ಬಂತು. ರಾತ್ರಿಯೆಲ್ಲ ಸೊನ್ನೆಗಿಂತ ಕೆಳಗಿದ್ದ ಗಾಜಿಗೆ ಬಿಸಿನೀರು! ಹೊರಮೈ ಒಮ್ಮೆಲೇ ಹಿಗ್ಗುತ್ತದೆ, ಒಳಗೆ ಇನ್ನೂ ತಣ್ಣಗೇ ಇರುತ್ತದೆ, ಅಷ್ಟು ಸಾಕು ಒಡೆಯಲು. ನಾವು ಹಾಕಲಿಲ್ಲ. ಮಗಳ ಪ್ಲಾಸ್ಟಿಕ್ ಸ್ಕೇಲಿನಿಂದ ಕೆರೆದು, ಹೀಟರನ್ನು ಕಡಿಮೆಯಲ್ಲಿಟ್ಟು ಕಾದೆವು. ಐಸ್ ಸಡಿಲವಾಗುವಾಗ ಟಕ್ ಎಂದು ಸಣ್ಣ ಸದ್ದು. ಅದೇ ಕಲ್ಲೇಟಿನ ಗುರುತಿನಿಂದ ಒಂದು ಗೆರೆ ಹೊರಟು ಗಾಜಿನ ಅಂಚಿನವರೆಗೆ ಹೋಯಿತು. ಗುಂಡಿಯೊಳಗೆ ಸೇರಿದ ನೀರು ರಾತ್ರಿ ಹೆಪ್ಪುಗಟ್ಟಿ ಅದನ್ನು ಒಳಗೊಳಗೇ ಬಿಡಿಸಿತ್ತು. ಫೋಟೊ ನೋಡಿದರೆ ಯಾವ ಮೆಕ್ಯಾನಿಕ್ಕಾದರೂ ಹೇಳುತ್ತಾನೆ, ಬಿರುಕು ಹುಟ್ಟಿದ್ದು ಅಲ್ಲಿಂದಲೇ.

ಕೇಂದ್ರ ಮೋಟಾರು ವಾಹನ ನಿಯಮಗಳು 1989ರಲ್ಲಿ ವೈಪರಿಗೆಂದೇ 101ನೇ ನಿಯಮ ಇದೆ. ಸೀಳಿದ ರಬ್ಬರ್ ಇಟ್ಟುಕೊಂಡು ಬಾಡಿಗೆಗೆ ಬಿಟ್ಟ ನೀವು ನನ್ನ ನಿರ್ಲಕ್ಷ್ಯದ ಬಗ್ಗೆ ಬರೆಯುತ್ತೀರಿ.

ನನಗೆ ಬೇಕಾಗಿರುವುದು ಇಷ್ಟು. ಮುರಿದುಕೊಂಡ 11,500 ರೂಪಾಯಿ ಪೂರ್ತಿ ವಾಪಸ್ ಬರಬೇಕು. ‘ಗ್ರಾಹಕರ ನಿರ್ಲಕ್ಷ್ಯ’ ಎಂಬ ಷರಾವನ್ನು ನನ್ನ ಖಾತೆಯಿಂದ ತೆಗೆಯಬೇಕು, ಮುಂದಿನ ಬುಕಿಂಗಿಗೆ ಅದು ಅಡ್ಡ ಬರಬಾರದು. ಇನ್ನೊಂದು ಮಾತು ದುಡ್ಡಿಗೆ ಸಂಬಂಧಿಸಿದ್ದಲ್ಲ: ಆ ಕಾರು ಈಗಲೂ ಮನಾಲಿಯಲ್ಲೇ ಓಡುತ್ತಿದೆ ಎಂದು ನಿಮ್ಮ ಆ್ಯಪ್ ತೋರಿಸುತ್ತಿದೆ. ಹೊಸ ಬ್ಲೇಡ್ ಹಾಕಿಸಿ, ಟ್ಯಾಂಕಿಗೆ ಚಳಿಗಾಲದ ದ್ರವ ತುಂಬಿಸಿ, ಒಂದು ಪ್ಲಾಸ್ಟಿಕ್ ಸ್ಕ್ರೇಪರ್ ಇಡಿ. ಎಲ್ಲ ಸೇರಿದರೂ ಒಂದು ಗಾಜಿನ ಬೆಲೆಯಾಗುವುದಿಲ್ಲ. ಹೆಲ್ಪ್‌ಲೈನಿನವರಿಗೆ ಬಿಸಿನೀರಿನ ಸಲಹೆ ಕೊಡಬೇಡಿ ಎಂದು ಇವತ್ತೇ ಹೇಳಿ.

15 ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಊರಿನಲ್ಲೇ ಕೇಸು ಹಾಕಬಹುದು, ಮನಾಲಿಗೆ ಅಲೆಯಬೇಕಾಗಿಲ್ಲ.

ಕಾರು ಪಡೆದಾಗಿನ ವಿಡಿಯೊ, ಬಿರುಕಿನ ಮತ್ತು ಟ್ಯಾಂಕಿನ ಫೋಟೊಗಳು, ವಾಟ್ಸಾಪ್ ಸಂದೇಶದ ಪ್ರತಿ, ನಿಮ್ಮ ಬಿಲ್ ಇದರೊಂದಿಗೆ ಕಳಿಸಿದ್ದೇನೆ. ಬುಕಿಂಗ್ ಹಣ ಬಂದ ಖಾತೆಗೇ ದುಡ್ಡು ಹಾಕಿ.

ಇಂತಿ,
ನಿಮ್ಮ ಗ್ರಾಹಕ