ವಿದುರಾಶ್ವತ್ಥದ ಕಥೆ ಬರೆದ ಹುಡುಗಿಗೆ

ಪ್ರಿಯ ಮಗಳೇ,

ವಿದುರಾಶ್ವತ್ಥದಲ್ಲಿ ತ್ರಿವರ್ಣ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿದ ದಿನದ ಬಗ್ಗೆ ನೀನು ಬರೆದ ಕಥೆಯನ್ನೂ ಅದರ ಜೊತೆಗಿದ್ದ ಪತ್ರವನ್ನೂ ಓದಿದೆ. ಪತ್ರಿಕೆಯವರು ಕಥೆಯನ್ನು ಹಿಂದಿರುಗಿಸಿದರು, ಇನ್ನು ಬರೆಯುವುದಿಲ್ಲ ಎಂದಿದ್ದೀಯ. ನೀನು ಬರೆಯದೆ ಇರುವವಳಲ್ಲ, ಅದು ಮೊದಲ ಪುಟದಲ್ಲಿಯೇ ಗೊತ್ತಾಗುತ್ತದೆ. ಆರಂಭ ಹೇಗಿರಬೇಕು, ಎಷ್ಟು ಪುಟವಿರಬೇಕು ಎಂದೆಲ್ಲ ಕೇಳಿದ್ದೀಯ. ಬರೆಯುತ್ತಾ ಹೋದರೆ ಅವು ಕೈಗೆ ಹತ್ತುತ್ತವೆ, ಬಿಡು. ನನಗೆ ಸಿಟ್ಟು ಬಂದದ್ದು ಆರನೆಯ ಪುಟದಲ್ಲಿ.

ಅಲ್ಲಿ ಕೆಂಪು ಮುಖದ ಬಿಳಿಯ ಅಧಿಕಾರಿಯೊಬ್ಬ ಕುದುರೆಯ ಮೇಲೆ ಬಂದು ಗುಂಡು ಹಾರಿಸಲು ಅಪ್ಪಣೆ ಕೊಡುತ್ತಾನೆ. ಅವನನ್ನು ಎಲ್ಲಿಂದ ಹಿಡಿದು ತಂದೆ? ಗುಂಡು ಹಾರಿದ ದಿನ, 1938ರ ಏಪ್ರಿಲ್ 25ರಂದು, ವಿದುರಾಶ್ವತ್ಥವಿರುವ ಗೌರಿಬಿದನೂರು ಸೀಮೆ ಮೈಸೂರು ಸಂಸ್ಥಾನದಲ್ಲಿತ್ತು. ಸಭೆ ಸೇರಕೂಡದು, ಬಾವುಟ ಹಾರಿಸಕೂಡದು ಎಂದದ್ದು ಮೈಸೂರು ಸರ್ಕಾರ. ಬಂದೂಕು ಹಿಡಿದವರು ಅದರ ಪೊಲೀಸರು. ಸಂಸ್ಥಾನದ ನೆತ್ತಿಯ ಮೇಲೆ ಬ್ರಿಟಿಷರು ಕುಳಿತಿದ್ದರು, ಒಪ್ಪುತ್ತೇನೆ. ಆದರೆ ಆ ದಿನ ಜನರ ಎದುರು ನಿಂತಿದ್ದವರು ನಮ್ಮ ಹಾಗೆಯೇ ಮುದ್ದೆ ಉಣ್ಣುವವರು. ಕನ್ನಂಬಾಡಿ ಕಟ್ಟಿಸಿದ ದೊರೆಯೆಂದು ನಾಲ್ವಡಿ ಕೃಷ್ಣರಾಜ ಒಡೆಯರ ಪಟಕ್ಕೆ ನಮ್ಮ ತಾತನೂ ಹೂವು ಮುಡಿಸುತ್ತಿದ್ದ. ಗುಂಡು ಹಾರಿದ್ದು ಅವರ ಆಳ್ವಿಕೆಯಲ್ಲಿಯೇ. ಈ ಎರಡನ್ನೂ ಒಂದೇ ಎದೆಯಲ್ಲಿಟ್ಟುಕೊಂಡು ಬದುಕಿದ ಜನರ ಕಥೆ ಇದು. ನೀನು ಅದನ್ನು ಬಿಟ್ಟು ಸಿನಿಮಾದ ಕುದುರೆ ಏರಿದ್ದೀಯ.

ವಿದುರಾಶ್ವತ್ಥಕ್ಕೆ ಇರುವ ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂಬ ಹೆಸರೇ ನಿನ್ನ ದಾರಿ ತಪ್ಪಿಸಿರಬೇಕು. 1919ರಲ್ಲಿ ಅಮೃತಸರದ ಆ ಬಾಗಿನಲ್ಲಿ ಗುಂಡು ಹಾರಿಸಿದ ಬ್ರಿಟಿಷ್ ಅಧಿಕಾರಿ ಡಯರ್‌ನನ್ನು ಎತ್ತಿ ನಮ್ಮ ಉತ್ತರ ಪಿನಾಕಿನಿ ನದಿಯ ದಡದಲ್ಲಿ ನಿಲ್ಲಿಸಿದ್ದೀಯ. ಇಲ್ಲಿ ಸತ್ತವರು ಹತ್ತು ಮಂದಿ ಎಂದು ಸರ್ಕಾರ ಹೇಳಿತು, ಮೂವತ್ತು ದಾಟಿತ್ತು ಎಂದು ಜನ ಹೇಳಿದರು. ನೀನು ‘ನೂರಾರು ಹೆಣಗಳು’ ಎಂದು ಬರೆದಿದ್ದೀಯ. ಹತ್ತು ಸಾಲದೇ, ಮಗಳೇ? ಹತ್ತು ಮನೆಗಳಲ್ಲಿ ಆ ರಾತ್ರಿ ಒಲೆ ಹೊತ್ತಿರಲಾರದು. ಒಂದು ಮನೆಯೊಳಗೆ ಹೋಗಿ ಕುಳಿತರೂ ನಿನಗೆ ಒಂದು ಕಾದಂಬರಿ ಸಿಗುತ್ತದೆ. ಗಾಂಧೀಜಿ ಕಳುಹಿಸಿದ ಕಾಂಗ್ರೆಸ್ ನಾಯಕರಾದ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತನಾಡಿದ ಮೇಲೆ, ಸಂಸ್ಥಾನದ ಬಾವುಟದ ಪಕ್ಕದಲ್ಲಿ ತ್ರಿವರ್ಣವನ್ನೂ ಹಾರಿಸಬಹುದು ಎಂದಾಯಿತು. ಆ ಎರಡು ಬಾವುಟಗಳನ್ನು ಒಟ್ಟಿಗೆ ನೋಡಿದಾಗ ಆ ಮನೆಗಳವರಿಗೆ ಏನನ್ನಿಸಿರಬಹುದು? ಕೊನೆಯ ಪುಟವನ್ನೂ ತಿದ್ದಬೇಕು. 1947ರ ಆಗಸ್ಟ್ 15ಕ್ಕೆ ನಮ್ಮಲ್ಲಿ ಎಲ್ಲವೂ ಮುಗಿಯಲಿಲ್ಲ. ಸಂಸ್ಥಾನದಲ್ಲಿ ಜನರ ಸರ್ಕಾರ ಬರಲಿ ಎಂದು ಮೈಸೂರು ಚಲೋ ಚಳವಳಿ ನಡೆಯಬೇಕಾಯಿತು. ಅಕ್ಟೋಬರಿನಲ್ಲಿ, ನಮ್ಮ ಕೋಲಾರ ಸೀಮೆಯ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದಾಗ, ಅಧಿಕಾರ ಜನರ ಕೈಗೆ ಬಂತು.

ಇಷ್ಟು ಗದರುವುದಕ್ಕೆ ನನಗೆ ಒಂದು ಕಾರಣವಿದೆ. ಮೂವತ್ತೈದು ವರ್ಷಗಳ ಹಿಂದೆ ನಾನೂ ಈ ಗೋಲಿಬಾರಿನ ಬಗ್ಗೆ ಕಥೆ ಬರೆದೆ. ಒಬ್ಬ ವೃದ್ಧೆ ತಮ್ಮ ಮನೆಯ ಜಗಲಿಯಲ್ಲಿ ಕುಳಿತು ನನಗೆ ಎಲ್ಲವನ್ನೂ ಹೇಳಿದ್ದರು. ಅವರ ಅಣ್ಣನ ತೊಡೆಗೆ ಗುಂಡು ತಗುಲಿತ್ತು. ಅಂದು ಅಲ್ಲಿದ್ದ ಪೊಲೀಸರಲ್ಲಿ ಒಬ್ಬ ಅವರಿಗೆ ದೂರದ ನೆಂಟ. ಮರುವರ್ಷ ಮನೆಯ ಮದುವೆಗೆ ಅವನು ಬಂದ. ಕುಂಟುತ್ತಿದ್ದ ಅಣ್ಣನ ಪಕ್ಕದ ಎಲೆಗೇ ಕುಳಿತ. ತಾಯಿ ಇಬ್ಬರಿಗೂ ಬಡಿಸಿದರು. ಯಾರೂ ತುಟಿ ಬಿಚ್ಚಲಿಲ್ಲ.

ನಾನು ಆ ನೆಂಟನನ್ನು ತೆಗೆದುಹಾಕಿದೆ. ತಾಯಿಯ ಬಾಯಲ್ಲಿ ಘೋಷಣೆ ಕೂಗಿಸಿದೆ. ಬಹುಮಾನ ಬಂತು, ಶಾಲು ಬಂತು, ಸಭೆಯಲ್ಲಿ ಓದಿಸಿದರು. ಮುಂದಿನ ಸಾಲಿನಲ್ಲಿ ಆ ವೃದ್ಧೆ ಕುಳಿತಿದ್ದರು. ಚಪ್ಪಾಳೆ ಮುಗಿದ ಮೇಲೆ ನನ್ನ ಕೈ ಹಿಡಿದು, ತಮ್ಮ ಮನೆಮಾತಾದ ತೆಲುಗಿನಲ್ಲಿ, ‘ಆ ಊಟ ಎಲ್ಲಿ ಹೋಯಿತಪ್ಪಾ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅದೇ ವರ್ಷ ಅವರು ತೀರಿಕೊಂಡರು. ಆ ಕಥೆಯನ್ನು ಇಂದಿಗೂ ಮೆಚ್ಚಿ ಮಾತನಾಡುವವರಿದ್ದಾರೆ. ಅವರು ಮಾತು ತೆಗೆದಾಗಲೆಲ್ಲ ನನಗೆ ಆ ಕೈಯ ಹಿಡಿತ ನೆನಪಾಗುತ್ತದೆ.

ನಿನ್ನ ಕಥೆಯಲ್ಲಿ ಒಂದು ಪ್ಯಾರಾ ಇದೆ, ಅದನ್ನು ಮೂರು ಸಲ ಓದಿದೆ. ನಿನ್ನ ಮುತ್ತಜ್ಜಿ ಅಶ್ವತ್ಥಕಟ್ಟೆಗೆ ಪ್ರದಕ್ಷಿಣೆ ಬರುತ್ತಾ ಒಂದೊಂದು ನಾಗರಕಲ್ಲಿಗೂ ಕೈಮುಗಿಯುತ್ತಾರೆ. ಹುತಾತ್ಮರ ಸ್ಮಾರಕದ ಕಡೆಗೆ ಮಾತ್ರ ತಿರುಗಿಯೂ ನೋಡುವುದಿಲ್ಲ. ಇದು ನೀನು ಕಣ್ಣಾರೆ ಕಂಡದ್ದು, ಕಟ್ಟಿದ್ದಲ್ಲ. ಏಕೆ ನೋಡುವುದಿಲ್ಲ ಎಂದು ಅವರನ್ನು ಕೇಳಿದ್ದೀಯಾ? ತೊಂಬತ್ತು ದಾಟಿದೆ ಎಂದು ಬರೆದಿದ್ದೀಯ. ಕಥೆಯನ್ನು ಪಕ್ಕಕ್ಕಿಡು, ಈ ಭಾನುವಾರವೇ ಊರಿಗೆ ಹೋಗು. ಅವರು ಯಾವ ಭಾಷೆಯಲ್ಲಿ ಹೇಳುತ್ತಾರೋ ಅದರಲ್ಲಿಯೇ ಬರೆದುಕೊಂಡು ನನಗೆ ಕಳುಹಿಸು.

ಆಶೀರ್ವಾದಗಳೊಂದಿಗೆ,
ನಿನ್ನ ಮೇಷ್ಟ್ರು