ಸೀಲು ಬೀಳದ ದೂರಿಗೆ ಗಡುವು ಎಲ್ಲಿಂದ? ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ವಿದ್ಯಾರ್ಥಿಗಳ ದೂರು, ಉತ್ತರ ಪತ್ರಿಕೆಯ ಛಾಯಾಪ್ರತಿ ಹಾಗೂ ಮೂಲ ದಾಖಲೆಗಳ ಬಗ್ಗೆ.

ಸನ್ಮಾನ್ಯರೇ,

ವಿದ್ಯಾರ್ಥಿಗಳಿಗೆ ಹೊಸ ಕಾನೂನು ಮಾಡಿಕೊಡಿ ಎಂದು ನಾವು ಕೇಳುತ್ತಿಲ್ಲ. ಇರುವ ನಿಯಮಗಳೇ ಬೇಕಾದಷ್ಟಿವೆ. ಅವು ಮುಗ್ಗರಿಸುವುದು ಕಚೇರಿಯ ಕಿಟಕಿಯ ಹತ್ತಿರ. ಅರ್ಜಿ ತೆಗೆದುಕೊಳ್ಳುತ್ತಾರೆ, ಇನ್‌ವರ್ಡ್ ನಂಬರ್ (ಸ್ವೀಕೃತಿಯ ಕ್ರಮಸಂಖ್ಯೆ) ಕೊಡುವುದಿಲ್ಲ. 'ಇಟ್ಟು ಹೋಗು, ನೋಡ್ತೀವಿ' ಎಂಬಲ್ಲಿಗೆ ಹಕ್ಕಿನ ಕಥೆ ಮುಗಿಯುತ್ತದೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2023ರ ಏಪ್ರಿಲ್‌ನಲ್ಲಿ ಹೊರಡಿಸಿದ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ನಿಯಮಾವಳಿಯನ್ನೇ ನೋಡಿ. ಪ್ರತಿ ಸಂಸ್ಥೆಯಲ್ಲೂ ಸಮಿತಿ ಇರಬೇಕು: ಅಧ್ಯಕ್ಷರಾಗಿ ಒಬ್ಬ ಪ್ರಾಧ್ಯಾಪಕರು, ಸದಸ್ಯರಾಗಿ ನಾಲ್ವರು ಹಿರಿಯ ಅಧ್ಯಾಪಕರು, ವಿಶೇಷ ಆಹ್ವಾನಿತರಾಗಿ ಒಬ್ಬ ವಿದ್ಯಾರ್ಥಿ. (ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಯ ಲೆಕ್ಕಕ್ಕೆ ಆ ವಿದ್ಯಾರ್ಥಿ ಬರುವುದಿಲ್ಲ ಎಂಬುದು ಬೇರೆ ಮಾತು.) ಮೂಲ ದಾಖಲೆ ತಡೆಹಿಡಿಯುವುದು, ವಿದ್ಯಾರ್ಥಿವೇತನದ ವಿಳಂಬ, ಫಲಿತಾಂಶದ ವಿಳಂಬ, ಮೌಲ್ಯಮಾಪನದಲ್ಲಿ ಅನ್ಯಾಯ, ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ದೂರು ಕೈಸೇರಿದ 15 ಕೆಲಸದ ದಿನಗಳ ಒಳಗೆ ಸಮಿತಿ ವರದಿ ಕೊಟ್ಟರೆ ಒಳ್ಳೆಯದು ಎನ್ನುತ್ತದೆ ನಿಯಮ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಅದು ಕೈಗೆ ಬಂದ 15 ದಿನಗಳಲ್ಲಿ, ಇಂಥ ಮೇಲ್ಮನವಿ ಕೇಳಲೆಂದೇ ವಿಶ್ವವಿದ್ಯಾಲಯ ನೇಮಿಸುವ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು. ಅದನ್ನು ಇತ್ಯರ್ಥಪಡಿಸಲು ಅವರಿಗೆ 30 ದಿನಗಳ ಅವಧಿ.

ಎಲ್ಲ ಗಡುವುಗಳೂ 'ಕೈಸೇರಿದ ದಿನ'ಕ್ಕೆ ಕಟ್ಟಿಕೊಂಡಿವೆ ಎಂಬುದನ್ನು ಗಮನಿಸಿ. ದೂರು ಸೇರಿದ್ದಕ್ಕೆ ಪುರಾವೆಯೇ ಇಲ್ಲದಿದ್ದರೆ 15 ದಿನ ಎಂದಿಗೂ ಶುರುವಾಗುವುದಿಲ್ಲ. ಸಮಿತಿ ಬರಹದಲ್ಲಿ ಏನನ್ನೂ ಹೇಳದಿದ್ದರೆ ಮೇಲ್ಮನವಿ ಹಾಕಲು ತೀರ್ಮಾನವೇ ಇರುವುದಿಲ್ಲ. ಕೆಳಗಿನ ಮೆಟ್ಟಿಲು ಹತ್ತದೆ ಬಂದವರ ಅರ್ಜಿಯನ್ನು ಓಂಬುಡ್ಸ್‌ಪರ್ಸನ್ ಕೈಗೆತ್ತಿಕೊಳ್ಳುವಂತೆಯೂ ಇಲ್ಲ. ಓಂಬುಡ್ಸ್‌ಪರ್ಸನ್ ಅವರನ್ನೇ ನೇಮಿಸದ ವಿಶ್ವವಿದ್ಯಾಲಯಗಳ ಹೆಸರುಗಳನ್ನು 2024ರಲ್ಲಿ ಯುಜಿಸಿಯೇ ಪ್ರಕಟಿಸಬೇಕಾಯಿತು.

ಹೆಚ್ಚು ಪೆಟ್ಟು ಬೀಳುವುದು ಪರೀಕ್ಷಾ ವಿಭಾಗದಲ್ಲಿ. ಉತ್ತರ ಪತ್ರಿಕೆಯ ಮುಖಪುಟದಲ್ಲಿ ಪ್ರಶ್ನೆವಾರು ಅಂಕಗಳ ಚೌಕಗಳಿರುತ್ತವೆ. ಒಳಪುಟದಲ್ಲಿ 4(ಬಿ)ಗೆ ಕೊಟ್ಟ ಅಂಕ ಮುಖಪುಟಕ್ಕೆ ಏರಿರುವುದಿಲ್ಲ. ಆರನೇ ಪ್ರಶ್ನೆಯ ಉತ್ತರ ಕೊನೆಯ ಪುಟಗಳಲ್ಲಿ ಮುಂದುವರಿದಿದ್ದರೆ ಅದರ ಮೇಲೆ ಕೆಂಪು ಶಾಯಿಯೇ ಬಿದ್ದಿರುವುದಿಲ್ಲ. ಪರೀಕ್ಷೆ ಬರೆದವರಿಗೂ ಅಂಕಪಟ್ಟಿಯಲ್ಲಿ 'ಗೈರು' ಬರುವುದುಂಟು. ಅದಕ್ಕೆ ಕಾರಣ ಬಹುಪಾಲು ರಿಜಿಸ್ಟರ್ ನಂಬರಿನ ಒಂದು ಅಂಕಿ ತಪ್ಪಿರುವುದು ಅಥವಾ ಕೊಠಡಿಯ ಹಾಜರಿ ಪಟ್ಟಿಯಲ್ಲಿ ಸಹಿ ಪಕ್ಕದ ಸಾಲಿಗೆ ಬಿದ್ದಿರುವುದು. ಕೂಡುವಾಗ ಆದ ತಪ್ಪಿಗೆ ಮರುಎಣಿಕೆ ಸಾಕು. ಉತ್ತರಕ್ಕೆ ತಕ್ಕ ಅಂಕ ಬಂದಿಲ್ಲವೆಂದರೆ ಮರುಮೌಲ್ಯಮಾಪನ ಬೇಕು. ಯಾವುದಕ್ಕೆ ದುಡ್ಡು ಕಟ್ಟಬೇಕೆಂದು ತಿಳಿಯುವುದು ಛಾಯಾಪ್ರತಿ ನೋಡಿದ ಮೇಲೆಯೇ. ಛಾಯಾಪ್ರತಿಗೂ ಮರುಮೌಲ್ಯಮಾಪನಕ್ಕೂ ಒಂದೇ ಕೊನೆಯ ದಿನಾಂಕ ಇಟ್ಟರೆ ವಿದ್ಯಾರ್ಥಿ ಕಣ್ಣುಮುಚ್ಚಿ ಶುಲ್ಕ ಕಟ್ಟುತ್ತಾನೆ, ಇಲ್ಲವೇ ಅವಕಾಶ ಬಿಡುತ್ತಾನೆ. ಬಡವರ ಮನೆಯ ಮಕ್ಕಳು ಬಿಡುವವರ ಸಾಲಿನಲ್ಲೇ ಹೆಚ್ಚು.

ತನ್ನ ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಹಕ್ಕು ಪರೀಕ್ಷಾರ್ಥಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲೇ ಹೇಳಿದೆ. ಮೌಲ್ಯಮಾಪಕರ ಹೆಸರನ್ನು ಮಾತ್ರ ಕೊಡಬೇಕಿಲ್ಲ. ಆದರೆ ಈ ಹಕ್ಕು ಪತ್ರಿಕೆಯನ್ನು ಕಾಪಾಡಿಡುವ ಅವಧಿಯವರೆಗೆ ಅಷ್ಟೇ. ಆ ಅವಧಿ ಎಷ್ಟೆಂದು ಫಲಿತಾಂಶದ ಪ್ರಕಟಣೆಯಲ್ಲೇ ಬರೆಯದಿದ್ದರೆ, ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುವಷ್ಟರಲ್ಲಿ ಪತ್ರಿಕೆ ರದ್ದಿಗೆ ಹೋಗಿರುತ್ತದೆ. ಅಂಕ ಕಡಿಮೆ ಬಂತೆಂಬ ಒಂದೇ ಕಾರಣಕ್ಕೆ ಮರುಮೌಲ್ಯಮಾಪನ ಕೋರಿದರೆ ಓಂಬುಡ್ಸ್‌ಪರ್ಸನ್ ಒಪ್ಪುವುದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಲೋಪವನ್ನೋ ತಾರತಮ್ಯವನ್ನೋ ತೋರಿಸಬೇಕು. ಛಾಯಾಪ್ರತಿಯೇ ಕೈಯಲ್ಲಿಲ್ಲದವರು ಏನನ್ನು ತೋರಿಸಿಯಾರು?

ಮೂಲ ದಾಖಲೆಗಳ ಮಾತು ಚಿಕ್ಕದು. ಪ್ರವೇಶದ ವೇಳೆ ಮೂಲ ಅಂಕಪಟ್ಟಿಗಳನ್ನು ವಿದ್ಯಾರ್ಥಿಯ ಎದುರೇ ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕು, ಸ್ವಯಂ ದೃಢೀಕರಿಸಿದ ನಕಲು ಮಾತ್ರ ಇಟ್ಟುಕೊಳ್ಳಬೇಕು ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಆದರೂ 'ಪೂರ್ತಿ ಕೋರ್ಸಿನ ಫೀಸು ಕಟ್ಟಿ ತಗೊಂಡು ಹೋಗಿ' ಎನ್ನುವ ಕಾಲೇಜುಗಳಿವೆ. ಅದಕ್ಕೆ ನಿಯಮದಲ್ಲಿ ಬೇರೆ ಹೆಸರಿಲ್ಲದಿರಬಹುದು, ಊರಿನವರು ಒತ್ತೆ ಎನ್ನುತ್ತಾರೆ.

ಇನ್ನು ವಿದ್ಯಾರ್ಥಿಗಳ ಪಾಲಿನ ಹೊಣೆ. ಅದನ್ನು ಬಿಟ್ಟು ಬರೆದರೆ ಈ ಪತ್ರ ಅರ್ಧ ಸತ್ಯವಾದೀತು. ದೂರು ಸೋಲಲು ಅವರೂ ಕಾರಣರಾಗುತ್ತಾರೆ. ಹಾಜರಾತಿ, ಹಾಸ್ಟೆಲ್ ಊಟ, ಆಂತರಿಕ ಅಂಕ, ಯಾರೋ ಬೈದದ್ದು, ಎಲ್ಲವನ್ನೂ ಒಂದೇ ಅರ್ಜಿಗೆ ತುರುಕಿದರೆ ಯಾವ ಸಮಿತಿಯೂ ಯಾವುದನ್ನೂ ತೀರ್ಮಾನಿಸಲಾರದು. ಒಂದು ಅರ್ಜಿಗೆ ಒಂದು ವಿಷಯ ಸಾಕು. ರಿಜಿಸ್ಟರ್ ನಂಬರ್, ಸೆಮಿಸ್ಟರ್, ಪ್ರಶ್ನೆಪತ್ರಿಕೆಯ ಕೋಡ್, ಪರೀಕ್ಷೆಯ ದಿನಾಂಕ, ಶುಲ್ಕದ ರಸೀದಿ ಸಂಖ್ಯೆ, ಬೇಕಾದ ಪರಿಹಾರ ಏನೆಂಬ ಒಂದು ಸಾಲು, ಇಷ್ಟು ಇರಬೇಕು. ನಮ್ಮ ರಾಜ್ಯದಲ್ಲಿ ಮಾಹಿತಿ ಹಕ್ಕಿನ ಅರ್ಜಿಗೂ ಒಂದೇ ವಿಷಯ, 150 ಪದಗಳ ಮಿತಿಯಿದೆ. ಶುಲ್ಕ 10 ರೂಪಾಯಿ. ಕೊಠಡಿ ಮೇಲ್ವಿಚಾರಕರು ಸಹಿ ಹಾಕಿದ ಹಾಲ್ ಟಿಕೆಟ್ಟನ್ನು ಫಲಿತಾಂಶ ಬಂದ ದಿನವೇ ಎಸೆಯುವವರು 'ಗೈರು' ಎಂದು ಬಂದಾಗ ಬರಿಗೈಯಲ್ಲಿ ನಿಲ್ಲುತ್ತಾರೆ. ಆಂತರಿಕ ಅಂಕಗಳನ್ನು ಅಪ್‌ಲೋಡ್ ಮಾಡುವ ಮುನ್ನ ನೋಡಿ ಸಹಿ ಹಾಕಿ ಎಂದು ವಿಭಾಗ ಕರೆದಾಗ ಹೋಗದೆ, ಆಮೇಲೆ ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಬಂದು ಜಗಳವಾಡಿ ಪ್ರಯೋಜನವಿಲ್ಲ. ದೂರು ಸುಳ್ಳು ಅಥವಾ ಕ್ಷುಲ್ಲಕ ಎಂದು ಕಂಡರೆ ದೂರುದಾರರ ಮೇಲೆ ಕ್ರಮಕ್ಕೆ ಶಿಫಾರಸು ಮಾಡುವ ಅಧಿಕಾರ ಓಂಬುಡ್ಸ್‌ಪರ್ಸನ್‌ಗೆ ಇದೆ, ಇರಲೂಬೇಕು. ರ‍್ಯಾಗಿಂಗ್ ವಿರುದ್ಧ ಪ್ರವೇಶದ ದಿನ ಬರೆದುಕೊಟ್ಟ ಮುಚ್ಚಳಿಕೆಯೂ ಓದದೆ ಸಹಿ ಹಾಕುವ ಕಾಗದವಲ್ಲ.

ತಮ್ಮಿಂದ ನಾವು ಕೇಳುವುದು ಒಂದು ಸುತ್ತೋಲೆ. ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿ ಕಾಲೇಜೂ ದೂರು ಪಡೆದ ದಿನವೇ ಸೀಲು, ದಿನಾಂಕ ಮತ್ತು ಕ್ರಮಸಂಖ್ಯೆ ಹಾಕಿದ ಪ್ರತಿಯನ್ನು ಕೊಡಬೇಕು. ಇಮೇಲ್‌ನಲ್ಲಿ ಬಂದರೂ ಅದೇ ಕ್ರಮ. ಸಮಿತಿಯ ತೀರ್ಮಾನವನ್ನು ಕಾರಣಸಹಿತ ಬರಹದಲ್ಲಿ ತಿಳಿಸಬೇಕು. ಗಡುವು ಮೀರಿದರೆ ಆ ಮೌನವನ್ನೇ ತಿರಸ್ಕಾರವೆಂದು ಭಾವಿಸಿ ಮೇಲ್ಮನವಿಗೆ ದಾರಿ ಬಿಡುವಂತೆ ಯುಜಿಸಿಗೆ ತಾವು ಬರೆಯಬೇಕು. ಮರುಮೌಲ್ಯಮಾಪನದ ಗಡುವು ಛಾಯಾಪ್ರತಿ ವಿದ್ಯಾರ್ಥಿಯ ಕೈಸೇರಿದ ದಿನದಿಂದ ಶುರುವಾಗಬೇಕು. ದೂರು ಬಾಕಿ ಇರುವ ಪತ್ರಿಕೆಯನ್ನು ಅವಧಿ ಮುಗಿಯಿತೆಂದು ನಾಶ ಮಾಡಬಾರದು. ಸುತ್ತೋಲೆ ಕನ್ನಡದಲ್ಲಿರಲಿ. ಸಮಿತಿ ಸದಸ್ಯರ ಮತ್ತು ಓಂಬುಡ್ಸ್‌ಪರ್ಸನ್ ಅವರ ಹೆಸರು, ಇಮೇಲ್ ವಿಳಾಸದೊಡನೆ ಅದನ್ನು ಪರೀಕ್ಷಾ ವಿಭಾಗದ ಕಿಟಕಿಯ ಪಕ್ಕವೇ ಅಂಟಿಸುವಂತಾಗಲಿ. ಮೂರು ತಿಂಗಳಿಗೊಮ್ಮೆ ಎಷ್ಟು ದೂರು ಬಂದವು, ಎಷ್ಟು ಇತ್ಯರ್ಥವಾದವು, ಎಷ್ಟು ಗಡುವು ಮೀರಿದವು ಎಂಬ ಲೆಕ್ಕವನ್ನು ಇಲಾಖೆಗೆ ಕಳುಹಿಸುವ ಹೊಣೆ ಪ್ರಾಂಶುಪಾಲರದೇ ಆಗಿರಲಿ.

ಇಂತಿ ತಮ್ಮ ವಿಶ್ವಾಸಿಗಳು,
ವಿದ್ಯಾರ್ಥಿಗಳ ದೂರು ಅರ್ಜಿಗಳಿಗೆ ನೆರವಾಗುವವರು